ತುಕ್ಕು ಕೆರೆಯುವ ಕೆಲಸ

ಬೆಳಿಗ್ಗೆ ಪಕ್ಕದ ಮನೆಯವರು ಗೇಟಿಗೆ ರೆಡ್ ಆಕ್ಸೈಡ್ ಹೊಡೆಸುತ್ತಿದ್ದರು. ಆ ವಾಸನೆ ಹಾಸನದ ನಮ್ಮ ಬೀದಿಯನ್ನೆಲ್ಲ ತುಂಬಿ ನನ್ನ ಕಾಫಿಯೊಳಗೂ ಇಳಿಯಿತು. ನಮ್ಮ ಗೇಟಿಗೆ ತುಕ್ಕು ಹಿಡಿದು ಎಷ್ಟೋ ಕಾಲವಾಯಿತು. ನೀವು ಬಂದರೆ ಒರಗಬೇಡಿ, ಅಂಗಿ ಕೆಟ್ಟೀತು. ತುಕ್ಕು ಎಂದರೆ ನನಗೆ ಅಕ್ಕನ ನೆನಪು. ನೆನೆದರೇ ತೋಳು ಸೋಲುತ್ತದೆ.

ಅಕ್ಕನನ್ನು ಕೊಟ್ಟಿದ್ದು ಅರಕಲಗೂಡಿನ ಹತ್ತಿರ, ಹೊಗೆಸೊಪ್ಪು ಬೆಳೆಯುವ ಮನೆಗೆ. ಸೊಪ್ಪನ್ನು ತೂಗುಹಾಕಿ ಕಾವಿನಲ್ಲಿ ಬೇಯಿಸುವ ಎತ್ತರದ ಕೋಣೆಗೆ ಅಲ್ಲಿ ಬ್ಯಾರನ್ ಅನ್ನುತ್ತಾರೆ. ಅದರ ನೆಲದುದ್ದಕ್ಕೂ ತಗಡಿನ ಪೈಪುಗಳು. ಹೊರಗಿನ ಒಲೆಯ ಉರಿ ಅವುಗಳಲ್ಲಿ ಹಾಯ್ದು ಕೋಣೆ ಕಾಯಬೇಕು. ಕೆಲಸ ಮುಗಿದ ಮೇಲೆ ಒಳಗುಳಿದ ಮಸಿ ತೇವ ಹೀರಿ ತಗಡನ್ನೇ ತಿನ್ನುತ್ತದೆ. ಹಾಗಾಗಿ ಪ್ರತಿವರ್ಷ ಅಕ್ಕ ಪೈಪು ಬಿಚ್ಚಿ, ಮಸಿ ಉದುರಿಸಿ, ತುಕ್ಕು ಕೆರೆದು, ಟ್ರ್ಯಾಕ್ಟರಿನ ಹಳೆ ಆಯಿಲ್ ಸವರಿ ಅಟ್ಟಕ್ಕೇರಿಸುತ್ತಿದ್ದಳು. ನಾನು ಹೋದರೆ ನನ್ನ ಕೈಗೂ ತಂತಿಯ ಬ್ರಷ್ಷು. ಪೈಪು ಬೆಳಗುವ ಮೊದಲೇ ನಾನು ಕಪ್ಪಾಗಿರುತ್ತಿದ್ದೆ.

“ಮೇಲೆ ಸಂದಾಗಿ ಕಾಣ್ತದೆ ಅಂತ ಬುಟ್ಬುಡಬ್ಯಾಡ ಕಣ್ಲಾ, ಒಳಗೂ ಕೈ ಆಕು,” ಅನ್ನುತ್ತಿದ್ದಳು.

ಭಾವನ ಎದೆ ಕೆಟ್ಟ ವರ್ಷ ಅವಳು ಹಾಸನದ ಆಸ್ಪತ್ರೆಗೂ ಊರಿಗೂ ಬಸ್ಸಿನಲ್ಲೇ ಓಡಾಡಿದಳು. ಪೈಪುಗಳು ಬ್ಯಾರನ್ನಿನಲ್ಲೇ ಉಳಿದವು. ಮಳೆ ಸೋರಿತು. ಸೊಪ್ಪು ಕೊಯ್ಲಿಗೆ ಬಂದಾಗ ಅಕ್ಕ ಪೈಪನ್ನು ಬೆರಳಿನಿಂದ ತಟ್ಟಿ, “ತಗಡು ತೆಳ್ಳಗಾಗ್ಬುಟ್ಟದೆ, ಬದಲಾಯ್ಸ್ಬುಡಾನ,” ಅಂದಳು.

“ಈ ಒಂದ್ಸಲ ನಡೀತದೆ ಬುಡಮ್ಮಿ,” ಅಂದರು ಭಾವ.

ನಡೆಯಲಿಲ್ಲ. ಉರಿಗೆ ಪೈಪು ಬಾಯಿಬಿಟ್ಟು, ಕಿಡಿ ಒಣಗಿದ ಸೊಪ್ಪಿಗೆ ತಗುಲಿ, ಬ್ಯಾರನ್ ಹೊತ್ತಿಕೊಂಡಿತು. ಬಾಗಿಲು ಎಳೆಯಲು ಹೋದ ಅಕ್ಕನ ಬಲಗೈ ಮೊಣಕೈವರೆಗೆ ಬೆಂದಿತು.

ಸುದ್ದಿ ತಿಳಿದು ನಾನು ಹೋದಾಗ ಭಾವ ಗೋಡೆ ನೋಡಿಕೊಂಡು ಕೂತಿದ್ದರು. ಅಕ್ಕ ಎಡಗೈಯಲ್ಲೇ ಅವರಿಗೆ ಕಾಫಿ ತಂದಿಟ್ಟಳು. ಹೇಗೋ ಬ್ಯಾರನ್ ಮತ್ತೆ ಎದ್ದಿತು. ಆದರೆ ಆಮೇಲೆ ತುಕ್ಕು ಕೆರೆಯುವಾಗ ಭಾವ ಅವಳನ್ನು ಹತ್ತಿರ ಸೇರಿಸಲಿಲ್ಲ. ತಾವೇ ಒಂದಿಷ್ಟು ಬ್ರಷ್ಷಾಡಿಸುವುದು, ಏದುಸಿರು ಇಳಿಯುವ ತನಕ ಕೂರುವುದು, ಮತ್ತೆ ಏಳುವುದು.

“ಕೊಡಿ ಇತ್ಲಾಗೆ,” ಎಂದು ಅಕ್ಕ ಕೈಚಾಚಿದರೆ, “ನೀನು ಓಗಮ್ಮಿ, ಕೈಗೆ ದೂಳಾಯ್ತದೆ,” ಅಷ್ಟೆ. ತಪ್ಪಾಯಿತು ಅನ್ನಲು ಅವರಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಭಾವ ತೀರಿಕೊಂಡ ಮೇಲೆ ಬ್ರಷ್ಷು ಮತ್ತೆ ಅಕ್ಕನ ಕೈಗೆ ಬಂತು. ಬೆಂದ ಕೈ ಪೂರ್ತಿ ಮಡಚುವುದಿಲ್ಲ. ಸಾಕು ಮಾಡಕ್ಕ ಎಂದರೆ, “ಅವರು ಕೆರೆದು ಮಡಗಿದ್ದು ಕಣ್ಲಾ. ತುಕ್ಕಿಡೀಲಿ ಅಂತ ಎಂಗ್ಲಾ ಬುಡ್ಲಿ?” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಕಾಫಿ ಆರಿತು. ಅಕ್ಕನಿಗೆ ಫೋನು ಮಾಡಿದೆ.

“ಪೈಪೆಲ್ಲ ಗುಜರಿಯವನಿಗೆ ಕೊಟ್ಬುಟ್ಟೆ ಕಣ್ಲಾ. ಇನ್ನಾಗಕಿಲ್ಲ ನನ್ ಕೈಲಿ.”

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಈಗೇನು ಮಾಡುತ್ತಿದ್ದೀಯ ಎಂದು ಕೇಳಿದೆ.

“ಸುಮ್ಕೆ ಕುಂತಿವ್ನಿ. ಬಾರ್ಲಾ, ನೀನೂ ಒಂದ್ಗಳಿಗೆ ಕುಂತ್ಕಳುವಂತೆ.”

ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ಹೊರಟೆ. ಸುಮ್ಮನೆ ಕೂರುವುದಕ್ಕೆಂದು ಅಕ್ಕ ನನ್ನನ್ನು ಕರೆದದ್ದು ಇದೇ ಮೊದಲು.