ರಕ್ತ ಕಮ್ಮಿ

ಮಗಳು ಹೊಟ್ಟೆಯಲ್ಲಿದ್ದಾಗ ಜೇವರ್ಗಿಯ ಆಸ್ಪತ್ರೆಯಲ್ಲಿ ನನ್ನ ರಕ್ತ ಪರೀಕ್ಷೆ ಮಾಡಿದರು. ಸಿಸ್ಟರ್ ಬಾಗಿಲು ಮುಂದೆ ಮಾಡಿ, ನನಗೆ ಎಚ್‌ಐವಿ ಇದೆ ಎಂದರು. ಗುಳಿಗೆ ತಪ್ಪದೆ ನುಂಗಿದರೆ ಕೂಸಿಗೆ ತಗಲದ ಹಾಗೆ ನೋಡಿಕೊಳ್ಳಬಹುದು ಎಂದೂ ಹೇಳಿದರು.

"ನಿಮ್ಮ ಮನಿಯವ್ರನ್ನೂ ಕರ್ಕೊಂಡು ಬರ್ರಿ, ಅವರದೂ ನೋಡಬೇಕು. ಆದ್ರ ಅವ್ರಿಗಿ ನೀವೇ ಹೇಳಬೇಕ್ರಿ."

ಹೇಳುವುದೇನು ಸುಲಭವೇ? ನೆಲೋಗಿಯ ನಮ್ಮ ಓಣಿಯಲ್ಲಿ ರೋಗ ಯಾರಲ್ಲಿ ಮೊದಲು ಗೊತ್ತಾಗುತ್ತದೋ ಅವರೇ ಅದನ್ನು ತಂದವರು. ಬಸುರಿಯೆಂದು ನನ್ನದೇ ಮೊದಲು ಪರೀಕ್ಷೆಯಾಗಿತ್ತು. ಗಂಡ ಹೊರಗೆ ಹಾಕಿದರೆ ತವರಿನಲ್ಲಿ ಅಣ್ಣಂದಿರ ಹೆಂಡಿರು ಒಳಗೆ ಬಿಟ್ಟುಕೊಳ್ಳಬೇಕಲ್ಲ! ಗುಳಿಗೆ ಯಾತರದು ಎಂದು ಅತ್ತೆ ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿದೆ.

"ರಕ್ತ ಕಮ್ಮಿ ಅದಂತ್ರಿ."

ಬಸುರಿಗೆ ರಕ್ತ ಕಮ್ಮಿ ಎಂದರೆ ನಮ್ಮಲ್ಲಿ ಓಣಿಗೆ ಓಣಿಯೇ ಡಾಕ್ಟರ್ ಆಗಿಬಿಡುತ್ತದೆ. ಒಬ್ಬರು ನುಗ್ಗೆ ತೊಪ್ಪಲು ತಂದರು, ಇನ್ನೊಬ್ಬರು ಖರ್ಜೂರ. ಅತ್ತೆಯಂತೂ ದಿನಾ ರೊಟ್ಟಿಗೆ ಬೀಟ್‌ರೂಟ್ ಪಲ್ಯ ಹಚ್ಚಿಕೊಟ್ಟು, ತಾಟು ಖಾಲಿಯಾಗುವ ತನಕ ಎದುರಿಗೇ ಕೂರುತ್ತಿದ್ದರು. ಬೈದರೆ ತಿರುಗಿ ಬೈಯುವ ಬಾಯಿ ನನ್ನದು. ಹೀಗೆ ಉಣ್ಣಿಸುವವರಿಗೆ ಏನು ಹೇಳಲಿ?

ಏಳನೇ ತಿಂಗಳಿಗೆ ಬಿದ್ದಾಗ ಒಂದು ದಿನ ನಮ್ಮ ಮನೆಯವರು, ಸೂಜಿ ಕಂಡರೆ ಬೆವರುವ ಮನುಷ್ಯ, ಇಸ್ತ್ರಿ ಅಂಗಿ ತೊಟ್ಟು ನನ್ನ ಜೊತೆ ಆಸ್ಪತ್ರೆಗೆ ಹೊರಟರು.

"ನೀವ್ಯಾಕ್ರಿ?"

"ನಿನಗ ರಕ್ತ ಕಮ್ಮಿ ಅದಲ್ಲ, ನಂದು ಕೊಡ್ತೇನಿ."

ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಕೂತೆ. ಕೊಟ್ಟ ರಕ್ತವನ್ನು ಪರೀಕ್ಷೆ ಮಾಡದೆ ಬಿಡುವುದಿಲ್ಲ. ಅವರಿಗೂ ಇದೆಯೆಂದು ಬಂದರೆ, ಏನೂ ಗೊತ್ತಿಲ್ಲದವಳ ಹಾಗೆ ಪಕ್ಕದಲ್ಲಿ ಕೂತು ಅಳಬೇಕೇ? ಅಷ್ಟು ನಾಟಕ ನನ್ನಿಂದ ಆಗದು. ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳೇ ಅವರ ತೋಳು ಹಿಡಿದು ನಿಲ್ಲಿಸಿದೆ.

"ಕೊಡಬ್ಯಾಡ್ರಿ. ನನಗ ರಕ್ತ ಕಮ್ಮಿ ಇಲ್ಲ." ಆಮೇಲೆ ರೋಗದ ಹೆಸರು ಹೇಳಿದೆ.

ಅವರು ಕಲ್ಲುಬೆಂಚಿನ ಮೇಲೆ ಕೂತರು. ಹೊಡೆದರೂ ಹೊಡೆಯಲಿ, ಮಾತಾಡಲಿ ಎನಿಸಿತು.

"ಅವ್ವಗ ಹೇಳಿಯೇನು?"

"ಇಲ್ರಿ."

"ಹೇಳಬ್ಯಾಡ."

ಅಷ್ಟೇ. ಎದ್ದು ಆಸ್ಪತ್ರೆಯ ಕಡೆ ನಡೆದರು. ಅವರಿಗೂ ಇತ್ತು. ಯಾರಿಂದ ಯಾರಿಗೆ ಎಂದು ಅವರು ಕೇಳಲಿಲ್ಲ, ನಾನೂ ಕೇಳಿಲ್ಲ. ಆ ಮಾತು ಇವತ್ತಿಗೂ ನಮ್ಮಿಬ್ಬರ ಹಾಸಿಗೆಯ ನಡುವೆ ಮಲಗಿದೆ.

ಅವರೂ ಗುಳಿಗೆ ಶುರು ಮಾಡಿದರು; ಅತ್ತೆಯ ಲೆಕ್ಕದಲ್ಲಿ ಈಗ ಮಗನಿಗೂ ರಕ್ತ ಕಮ್ಮಿ. "ಗಂಡಸರಿಗೂ ಇದು ಬರ್ತದೇನ?" ಎಂದು ಅತ್ತೆ ಗೊಣಗುತ್ತಲೇ ಬೀಟ್‌ರೂಟ್ ಹೆಚ್ಚು ತರಿಸತೊಡಗಿದರು.

ಮಗಳಿಗೆ ಒಂದೂವರೆ ವರ್ಷವಾದಾಗ ಮಾಡಿದ ಕೊನೆಯ ಪರೀಕ್ಷೆಯಲ್ಲೂ ಏನೂ ಇಲ್ಲವೆಂದು ಬಂದ ದಿನ, ಆಸ್ಪತ್ರೆಯ ಹೊರಗೆ ಇಬ್ಬರೂ ಅತ್ತು, ಮುಖ ತೊಳೆದುಕೊಂಡು ಊರಿಗೆ ಬಂದೆವು. ಅತ್ತೆ ಊಟಕ್ಕೆ ಬಡಿಸಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಕೆಂಪು ಗಲ್ಲ ಹಿಂಡಿದರು.

"ಈ ಮನ್ಯಾಗ ಛಲೋ ರಕ್ತ ಇರೋದು ನಮ್ಮಿಬ್ಬರಿಗೇ ನೋಡವ್ವ."

ನಾವು ತಲೆ ಎತ್ತದೆ ಬೀಟ್‌ರೂಟ್ ತಿಂದೆವು.