ಬಿಳಿಯಕ್ಕನ ತಾರಸಿಯ ಮೇಲೆ ಬಿದ್ದ ಮಳೆ

ವಸತಿಗೃಹಗಳ ಚಾದರಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಡುವುದು ಅವಳ ಕೆಲಸ. ತಾರಸಿಯ ತುಂಬ ಸದಾ ಬಿಳಿ ಬಟ್ಟೆ ಹಾರಾಡುತ್ತಿದ್ದುದರಿಂದ ಬೀದಿಯವರ ಬಾಯಲ್ಲಿ ಅವಳು ಬಿಳಿಯಕ್ಕನಾಗಿದ್ದಳು. ಗಂಡ ತೀರಿಕೊಂಡ ಮೇಲೆ ತಂಗಿಯನ್ನು ಜೊತೆಗಿಟ್ಟುಕೊಂಡು ಕಟ್ಟಿದ ಕಸುಬು. ಕೊಳೆ, ಕಲೆ, ಗಿರಾಕಿ ಎಲ್ಲವೂ ಅವಳ ಮಾತು ಕೇಳುತ್ತಿದ್ದವು, ಆಕಾಶವೊಂದನ್ನು ಬಿಟ್ಟು. ಇನ್ನೇನು ಮಡಚಬೇಕು ಎನ್ನುವಾಗ ಚಾದರಗಳೆಲ್ಲ ಎರಡನೆಯ ಸಲ ತೊಯ್ದು ತೊಪ್ಪೆಯಾದ ದಿನ, ಮನೆಯಲ್ಲೇ ಇಡುವ ಹವಾಮಾನ ಯಂತ್ರವನ್ನು ಹುಡುಕಿಕೊಂಡು ಹೊರಟಳು.

ಅಂಗಡಿಯವನು ಮೂರು ಪೆಟ್ಟಿಗೆ ಮುಂದಿಟ್ಟ.

"ಇದು ಬರೀ ಶಾಖ, ತೇವ ತೋರಿಸುತ್ತೆ. ಇದರಲ್ಲಿ ಗಾಳಿ, ಮಳೆನೂ ಇದೆ. ಇದು ಮೊಬೈಲಿಗೂ ಸುದ್ದಿ ಕಳಿಸುತ್ತೆ."

"ಮಳೆ ಬರೋದನ್ನ ಯಾವುದು ಹೇಳುತ್ತಪ್ಪಾ?"

"ಬಂದದ್ದನ್ನ ಅಳೆಯುತ್ತಮ್ಮಾ. ಬರೋದು... ಅಂದಾಜು."

"ಬಂದದ್ದು ನನಗೇ ಗೊತ್ತಾಗುತ್ತಲ್ಲ!"

ಅಗ್ಗದ್ದಕ್ಕೆ ಮಳೆಯೇ ಗೊತ್ತಿಲ್ಲ, ದುಬಾರಿಯದು ಕೈಗೆಟುಕುವುದಿಲ್ಲ. ತಲೆಕೆರೆದುಕೊಂಡು ನಡುವಿನದನ್ನು ತಂದಳು.

ಗಾಳಿಗೆ ತಿರುಗುವ ಪುಟ್ಟ ಬಟ್ಟಲುಗಳು, ಮಳೆನೀರು ಹಿಡಿಯುವ ಲಾಳಿಕೆ. ಅಕ್ಕ ತಂಗಿ ಎರಡನ್ನೂ ಬಟ್ಟೆ ಹಗ್ಗದ ಕಂಬಕ್ಕೆ, ಕೈಗೆಟುಕುವ ಎತ್ತರದಲ್ಲಿ ಕಟ್ಟಿದರು. ಅಂಕಿ ತೋರಿಸುವ ಪರದೆ ಇಸ್ತ್ರಿ ಕೋಣೆಯಲ್ಲಿ ಕೂತಿತು.

"ಈ ಗುರುತು ಉತ್ತರಕ್ಕಿರಬೇಕಂತೆ. ಉತ್ತರ ಯಾವ ಕಡೆ ಅಕ್ಕಾ?"

"ಹುಟ್ಟೋ ಸೂರ್ಯನಿಗೆ ಮುಖ ಮಾಡಿದರೆ ಎಡಗೈ ಕಡೆ."

"ನಮ್ಮಲ್ಲಿ ಸೂರ್ಯ ನೀರಿನ ಟ್ಯಾಂಕಿನ ಹಿಂದಿಂದ ಬರ್ತಾನೆ. ಟ್ಯಾಂಕಿಗೆ ಮುಖ ಮಾಡಲಾ?"

ಮಾಡಿದರು. ಸರಿಯೋ ತಪ್ಪೋ ಇಬ್ಬರಿಗೂ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಚಾದರ ಹರವಿ ಕೆಳಗಿಳಿದರೆ ಪರದೆಯಲ್ಲಿ ಮಳೆಯ ಅಂಕಿ ಏರುತ್ತಿದೆ! ಎದ್ದೆನೋ ಬಿದ್ದೆನೋ ಎಂದು ಇಬ್ಬರೂ ಮೇಲಕ್ಕೆ ಓಡಿ ಹಸಿ ಬಟ್ಟೆಯನ್ನೆಲ್ಲ ಬಾಚಿದರು. ಆಕಾಶದಲ್ಲಿ ಒಂದು ಮೋಡವಿಲ್ಲ. ಮತ್ತೆ ಹರವಿದರು, ಪರದೆಯಲ್ಲಿ ಮತ್ತೆ ಮಳೆ.

"ಇದಕ್ಕೆ ತಲೆ ಕೆಟ್ಟಿದೆ," ಎಂದಳು ತಂಗಿ.

"ದೂರದಲ್ಲೆಲ್ಲೋ ಸುರೀತಿರಬೇಕು ಕಣೇ," ಎಂದಳು ಬಿಳಿಯಕ್ಕ. ತನ್ನ ಮಾತು ತನಗೇ ನಂಬಿಕೆಯಾಗಲಿಲ್ಲ. ಅಂಗಡಿಗೆ ಹೊತ್ತೊಯ್ದರೆ ಅಲ್ಲಿ ಯಂತ್ರ ಸಾಧುಪ್ರಾಣಿಯಂತೆ ಸೊನ್ನೆ ತೋರಿಸಿತು. ಮನೆಗೆ ತಂದು ಕಟ್ಟಿದರೆ ಮತ್ತದೇ ಮಳೆ.

ಕೊನೆಗೆ ತಂಗಿಯೇ ಕಂಡಳು. ಮೇಲಿನ ಹಗ್ಗದ ಚಾದರದ ಅಂಚಿನಿಂದ ಟಪ್ ಟಪ್ ಎಂದು ಹನಿಗಳು ಲಾಳಿಕೆಗೇ ಬೀಳುತ್ತಿದ್ದವು.

"ಅಯ್ಯೋ, ನಾವು ಒಗೆದ ನೀರನ್ನೇ ಮಳೆ ಅಂದ್ಕೊಂಡಿದೆ ಪಾಪ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಂತ್ರವನ್ನು ದೂರದ ಮೂಲೆಗೆ ಸಾಗಿಸಿದರು.

ಅಲ್ಲಿಗೂ ಗೊಂದಲ ಮುಗಿಯಲಿಲ್ಲ. ಒಂದು ಮಧ್ಯಾಹ್ನ ತಲೆಯ ಮೇಲೆ ಕಾರ್ಮೋಡ, ಪರದೆಯಲ್ಲಿ ನಗುವ ಸೂರ್ಯನ ಚಿತ್ರ. ತಂಗಿ ಮೋಡ ನೋಡಿ ಅರ್ಧ ಬಟ್ಟೆ ಒಳಗೆ ತಂದಳು. ಕೊಟ್ಟ ದುಡ್ಡಿಗೆ ಮರ್ಯಾದೆ ಕೊಟ್ಟು ಬಿಳಿಯಕ್ಕ ಉಳಿದರ್ಧವನ್ನು ಅಲ್ಲೇ ಬಿಟ್ಟಳು. ನಾಲ್ಕು ಹನಿ ಉದುರಿ ನಿಂತವು. ಯಂತ್ರದಲ್ಲಿ ಸೊನ್ನೆ.

"ಈಗ ಮಳೆ ಬಂತಾ, ಬರಲಿಲ್ವಾ?" ತಂಗಿ ಕೇಳಿದಳು.

ಬಿಳಿಯಕ್ಕ ಚಾದರವೊಂದನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು. ಹಸಿಯೋ ಬರೀ ತಂಪೋ ತಿಳಿಯಲಿಲ್ಲ.

"ಎಲ್ಲದಕ್ಕೂ ಇಸ್ತ್ರಿ ಹಾಕಿಬಿಡು," ಎಂದಳು.