ನಿಧಾನವಾಗಿ ಬಿದ್ದ ಇಟ್ಟಿಗೆಗಳು

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಬಸವಪ್ರಭುವಿನ ಅಂಗಡಿ ಎಷ್ಟು ಚಿಕ್ಕದೆಂದರೆ, ಗಿರಾಕಿ ಒಳಗೆ ಬಂದರೆ ಅವನೇ ಎದ್ದು ಹೊರಗೆ ನಿಲ್ಲಬೇಕು. ಮೊಬೈಲ್ ರಿಪೇರಿ ಹೊಟ್ಟೆಪಾಡು. ಆದರೆ ಅವನ ಜೀವವೆಲ್ಲ ಇದ್ದದ್ದು ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್ ಮಷೀನುಗಳ ಮೇಲೆ. ಕಂಪನಿಯೇ ಮಾಡುವುದು ಬಿಟ್ಟ ಮಷೀನನ್ನೂ ಬಿಚ್ಚಿ, ಊದಿ, ಬೆಸೆದು ಎಬ್ಬಿಸಿ ಕೂರಿಸುತ್ತಿದ್ದ.

ಅವನ ಹತ್ತಿರ ಇನ್ನೊಂದು ವಿದ್ಯೆಯಿತ್ತು, ಕಾಲೇಜಿನವರು ಹುಡುಕಿಕೊಂಡು ಬರುತ್ತಿದ್ದುದು ಅದಕ್ಕೇ. ಎಲ್ಲೋ ದೂರದೇಶದಲ್ಲಿ ಯಾರೋ ಮನೆಯಲ್ಲೇ ಕೂತು ಬರೆದು ಪುಕ್ಕಟೆ ಹಂಚಿದ ಒಂದು ಪ್ರೋಗ್ರಾಂ. ಅದನ್ನು ಮಷೀನಿಗೆ ಹಾಕಿದರೆ ಆಟ ನಡೆಯುತ್ತಿರುವಾಗಲೇ ಅದರ ಮೆಮೊರಿಯೊಳಗೆ ಕೈ ಹಾಕಬಹುದು! ಮೂರು ಜೀವ ಉಳಿದಿವೆ ಅನ್ನಿ. ‘ಮೂರು’ ಎಲ್ಲೆಲ್ಲಿದೆ ಎಂದು ಕೇಳಿದರೆ ಸಾವಿರಾರು ಜಾಗ ತೋರಿಸುತ್ತದೆ. ಒಂದು ಜೀವ ಕಳೆದುಕೊಂಡು, ಅವುಗಳಲ್ಲಿ ಈಗ ‘ಎರಡು’ ಆದದ್ದು ಯಾವುದು ಎಂದರೆ ಹತ್ತಿಪ್ಪತ್ತು. ಇನ್ನೊಮ್ಮೆ ಸತ್ತರೆ ಒಂದೇ ಒಂದು. ಅಲ್ಲಿ ತೊಂಬತ್ತೊಂಬತ್ತು ಬರೆದು ಬೀಗ ಹಾಕಿದರೆ ಮುಗಿಯಿತು, ಆಮೇಲೆ ಸಾವೇ ಇಲ್ಲ.

“ಬಸಣ್ಣಾ, ಇದು ಮೋಸ ಅಲ್ಲೇನ್ರಿ?” ಎಂದು ಯಾರಾದರೂ ಕೆಣಕಿದರೆ, “ಮಷೀನಿಗೆ ಮೋಸ ಮಾಡಿದ್ರ ಯಾವ ದೇವರೂ ಕೇಳಂಗಿಲ್ಲ ತಗೋಪಾ” ಎನ್ನುತ್ತಿದ್ದ.

ಹೋದ ವರ್ಷ ದೀಪಾವಳಿ ಮುಗಿದ ವಾರ ಅವನ ಹೆಂಡತಿ ರಜನಿಗೆ ಲಕ್ವಾ ಹೊಡೆಯಿತು. ವಯಸ್ಸು ಮೂವತ್ತೆಂಟು. ರಾಯಾಪುರದಲ್ಲಿ ಅವರ ಮನೆಯ ಸುತ್ತಲಿನ ಹೆಂಗಸರೆಲ್ಲ ಬ್ಲೌಜು ಹೊಲಿಸುತ್ತಿದ್ದುದು ಅವಳ ಕಡೆಯೇ. ತಿಂಗಳೊಳಗೆ ಕಾಲು ಸರಿಯಾಯಿತು, ಮಾತೂ ಸರಿಯಾಯಿತು. ಬಲಗೈ ಮಾತ್ರ ಬರಲಿಲ್ಲ.

ಧಾರವಾಡದ ಸಪ್ತಾಪುರದಲ್ಲಿ ಚಿಕ್ಕ ಕ್ಲಿನಿಕ್ ಇಟ್ಟುಕೊಂಡಿದ್ದ ಫಿಜಿಯೋ ಸ್ನೇಹಲ್ ಮೇಡಂ ಮೊದಲ ದಿನವೇ ಹೇಳಿದ್ದಳು: “ಬೆರಳು ಕೆಲಸ ಮರತಾವ್ರಿ. ದಿನಾ ನೆನಪ ಮಾಡಿಕೊಡಬೇಕು. ಮೊದಲಿನ ಆರು ತಿಂಗಳನ ಖರೇ ಟೈಮು, ಅದನ್ನ ಕಳಕೋಬ್ಯಾಡ್ರಿ.”

ಹೇಳಿಕೊಟ್ಟ ವ್ಯಾಯಾಮ ರಜನಿಗೆ ನಾಲ್ಕು ದಿನಕ್ಕೆ ಬೇಸರವಾಯಿತು. ಆಗ ಬಸವಪ್ರಭು ಇಟ್ಟಿಗೆ ಬೀಳುವ ಆಟವಿದ್ದ ಮಷೀನು ತಂದುಕೊಟ್ಟ. ಇಟ್ಟಿಗೆಯನ್ನು ಆಚೀಚೆ ಸರಿಸಲು ಎಡಗಡೆಯ ಗುಂಡಿ, ತಿರುಗಿಸಲು ಬಲಗಡೆಯದು. ಸ್ನೇಹಲ್‌ಗೂ ಅದು ಹಿಡಿಸಿತು. “ಛಲೋ ಆತು. ಬಲಗಡಿ ಗುಂಡಿ ಬಲಗೈ ಹೆಬ್ಬಟ್ಟಿನಿಂದನ ಒತ್ರಿ. ಸ್ಕೋರ್ ಏರಿದ್ರ ಹೆಬ್ಬಟ್ಟು ಚುರುಕಾತು ಅಂತ ತಿಳ್ಕೋಬಹುದು.”

ಇಪ್ಪತ್ತು ದಿನ ಆಡಿದರೂ ಸ್ಕೋರು ಮುನ್ನೂರು ದಾಟಲಿಲ್ಲ. ಒಂದು ಸಂಜೆ ರಜನಿ ಮಷೀನನ್ನು ಹಾಸಿಗೆಯ ಮೇಲೆ ಎಸೆದಳು.

“ಒಗೀರಿ ಇದನ್ನ! ಈ ಕೈ ಹೆಣಾ ಆಗೇತ್ರಿ. ಹೆಣಕ್ಕ ಯಾರರ ಆಟಾ ಕಲಸ್ತಾರೇನು?”

ಮರುದಿನ ಬಸವಪ್ರಭು ಅಂಗಡಿಯಲ್ಲಿ ಊಟ ಬಿಟ್ಟು ಅದೇ ಮಷೀನು ಹಿಡಿದು ಕೂತ. ಸ್ಕೋರನ್ನೇ ತಿದ್ದುವುದು ಅವನಿಗೆ ಸುಳ್ಳೆನಿಸಿತು. ಹಾಗಾಗಿ ಇಟ್ಟಿಗೆ ಬೀಳುವ ವೇಗವನ್ನು ಹುಡುಕಿದ. ಅದು ಪರದೆಯ ಮೇಲೆ ಕಾಣುವ ಅಂಕಿಯಲ್ಲ. ವೇಗ ಹೆಚ್ಚಿದಾಗ ‘ಏರಿದ್ದು ಯಾವುದು’, ಹೊಸ ಆಟ ಶುರುವಾದಾಗ ‘ಇಳಿದದ್ದು ಯಾವುದು’ ಎಂದು ಜರಡಿ ಹಿಡಿಯುತ್ತ ಹೋಗಿ ಮೂರು ತಾಸಿನಲ್ಲಿ ಆ ಜಾಗ ಹಿಡಿದ. ಕೂದಲೆಳೆಯಷ್ಟು ನಿಧಾನ ಮಾಡಿ ಬೀಗ ಹಾಕಿದ. ಆಡುವವಳೂ ಅವಳೇ, ಗಳಿಸುವವಳೂ ಅವಳೇ. ನಾನು ದಾರಿಯ ಕಲ್ಲು ಆರಿಸಿದೆ ಅಷ್ಟೇ ಎಂದುಕೊಂಡ.

ಆ ಸಂಜೆ ಅವನ ಒತ್ತಾಯಕ್ಕೆ ರಜನಿ ಮತ್ತೆ ಆಡಿದಳು. “ರೀ! ಮುನ್ನೂರಾ ನಲವತ್ತರಿ!”

ಲಕ್ವಾ ಹೊಡೆದ ಮೇಲೆ ರಜನಿ ನಕ್ಕದ್ದು ಅದೇ ಮೊದಲು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆ ನಗು ಕಂಡ ಮೇಲೆ ಅವನಿಂದ ಆಗಲಿಲ್ಲ. ವಾರಕ್ಕೊಮ್ಮೆ ಇನ್ನೊಂದು ಎಳೆ, ಇನ್ನೊಂದು ಎಳೆ ನಿಧಾನ ಮಾಡುತ್ತ ಹೋದ. ನಾನೂರು ಆಯಿತು, ಐನೂರಾ ಇಪ್ಪತ್ತಾಯಿತು, ಏಳುನೂರಾಯಿತು. ಫೋನಿನಲ್ಲಿ ಸ್ನೇಹಲ್ “ಅರೆ ವ್ಹಾ!” ಎಂದಳು, ಒಮ್ಮೆ ಬಂದು ತೋರಿಸಿ ಎಂದೂ ಹೇಳಿದಳು. “ಸ್ಕೋರು ಏರಾಕತ್ತೇತಿ, ಸುಮ್ನ ಧಾರವಾಡತನಾ ಯಾಕ ಹೋಗೂದರಿ?” ಎಂದಳು ರಜನಿ. ಆ ವಾರವೂ ಅವನು ಇನ್ನೊಂದು ಎಳೆ ನಿಧಾನ ಮಾಡಿದ. ಹೀಗೇ ನಾಲ್ಕು ತಿಂಗಳು ಕಳೆದವು.

ಒಂದು ದಿನ ರಜನಿಯ ಅಕ್ಕನ ಮಗಳು ತನ್ನ ನಿಶ್ಚಿತಾರ್ಥಕ್ಕೆ ರೇಷ್ಮೆ ಖಣ ತಂದಳು. “ಚಿಗವ್ವಾ, ಬ್ಲೌಜು ನೀನ ಹೊಲೀಬೇಕ ನೋಡ. ಬ್ಯಾರೇದವರಿಗೆ ಕೊಡಂಗಿಲ್ಲ ನಾ.”

“ಏಳುನೂರು ಹೊಡದ ಕೈ ಐತಿದು, ತಾರಲೇ ಇಲ್ಲೆ” ಎಂದು ರಜನಿ ಕತ್ತರಿ ಎತ್ತಿದಳು. ಬಿತ್ತು. ಮತ್ತೆ ಎತ್ತಿದಳು. ಮತ್ತೆ ಬಿತ್ತು. ಮೂರನೆಯ ಸಲ ಅವಳು ಎತ್ತಲಿಲ್ಲ. ಹುಡುಗಿ ಖಣ ಮಡಚಿಕೊಂಡು, “ಇರಲಿ ಬಿಡ ಚಿಗವ್ವಾ, ಅವಸರೇನೈತಿ” ಎಂದು ಚಹಾ ಕೂಡ ಕುಡಿಯದೆ ಹೋದಳು.

ಮರುದಿನ ಗಂಡಹೆಂಡತಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಸಪ್ತಾಪುರಕ್ಕೆ ಹೋದರು. ಸ್ನೇಹಲ್ ಬೆರಳು ಬಗ್ಗಿಸಿ ನೋಡಿದಳು. ಮೊದಲಿಗಿಂತ ಬಿಗಿಯಾಗಿದ್ದವು.

“ವೈನೀ, ಎಲ್ಲಿ, ಆಡ್ರಿ ನೋಡೂಣು.”

ರಜನಿ ಆಡಿದಳು. ಬಲಗೈ ಮಷೀನಿನ ಕೆಳಗೆ ಸುಮ್ಮನೆ ಬಿದ್ದಿತ್ತು. ಎಡಗೈ ಇಟ್ಟಿಗೆಯನ್ನು ಸರಿಸಿ, ಬಲಗಡೆಗೆ ದಾಟಿ ಬಂದು ತಿರುಗಿಸಿ, ಮತ್ತೆ ತನ್ನ ಜಾಗಕ್ಕೆ ಹೋಗುತ್ತಿತ್ತು. ಅಷ್ಟೆಲ್ಲ ಆದ ಮೇಲೂ ಇಟ್ಟಿಗೆ ಇನ್ನೂ ಅರ್ಧ ದಾರಿಯಲ್ಲೇ ಇರುತ್ತಿತ್ತು.

“ಎಡಗೈನ ಎರಡೂ ಕಡೆ ಓಡಾಡಾಕತ್ತದಲ್ರಿ!”

“ಯಾವಾಗಿಂದ ಹಿಂಗ ಮಾಡಾಕತ್ತೇನೋ, ನನಗ ಗೊತ್ತಾಗಿಲ್ರಿ ಮೇಡಂ...”

“ಆದ್ರ ಈ ಆಟ ಇಷ್ಟು ಪುರಸೊತ್ತು ಕೊಡೂದಿಲ್ಲಲ್ಲ? ನಿಧಾನ ಹೆಂಗಾತು?”

ಇಬ್ಬರೂ ಬಸವಪ್ರಭುವಿನ ಕಡೆ ತಿರುಗಿದರು. ಅವನು ಚಪ್ಪಲಿ ನೋಡುತ್ತ, “ನಾನ ಮಾಡೇನ್ರಿ” ಎಂದ.

ಸ್ನೇಹಲ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಹೋದ ನಾಕ ತಿಂಗಳು ಹೊಳ್ಳಿ ಬರಂಗಿಲ್ರಿ ಅಣ್ಣಾ” ಎಂದಳು. “ಫೋನ್ ಮ್ಯಾಲ ನಂಬಿದ್ದು ನಂದೂ ತಪ್ಪ. ಇವತ್ತಿಂದ ಶುರು ಮಾಡೂಣು. ಎಷ್ಟು ಬರ್ತದೋ ಅಷ್ಟು.”

ಮನೆಗೆ ಮರಳುವಾಗ ಬಸ್ಸು ನವಲೂರು ದಾಟಿದ ಮೇಲೆ ರಜನಿ ಬಾಯಿ ತೆರೆದಳು.

“ಗಿರಾಕಿಗೆ ಮಾಡಿದಂಗ ನನಗೂ ಮಾಡಿದ್ರಿ.”

“ನೀ ನಕ್ಕಿ ರಜನಿ. ಅದಕ್ಕ...”

“ನಾ ನಕ್ಕದ್ದು ನನ್ನ ಕೈ ಬಂತಂತ.”

ಅಂದಿನಿಂದ ಅವನು ಬುಧವಾರ, ಶನಿವಾರ ಅಂಗಡಿ ಮುಚ್ಚಿ ಅವಳನ್ನು ಕರೆದುಕೊಂಡು ಹೋಗುತ್ತಾನೆ. ಆ ಪ್ರೋಗ್ರಾಂ ಕಿತ್ತು ಹಾಕಿ ಮಷೀನನ್ನು ಅವಳ ಮುಂದಿಟ್ಟ, ಅವಳು ಮುಟ್ಟಲಿಲ್ಲ. ಮನೆಯಲ್ಲಿ ಈಗ ಬೇರೆ ಅಭ್ಯಾಸ: ತಾಟಿನ ತುಂಬ ಕಡಲೆಕಾಳು ಹರವಿಕೊಂಡು, ಹೆಬ್ಬಟ್ಟು ಮತ್ತು ತೋರುಬೆರಳಿನಲ್ಲಿ ಒಂದನ್ನಾದರೂ ಎತ್ತಬೇಕು. ಎರಡು ತಿಂಗಳಾಯಿತು, ಒಂದು ಕಾಳೂ ತಾಟು ಬಿಟ್ಟಿರಲಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ, ಬಾಗಿಲಲ್ಲಿ ಯಾರೋ ಕೂಗಿದರೆಂದು ರಜನಿ ಅತ್ತ ಮುಖ ತಿರುಗಿಸಿದಾಗ, ಅವಳ ಬೆರಳುಗಳ ನಡುವೆ ಒಂದು ಕಾಳು ಮೇಲೆದ್ದಿತು. ಎರಡು ಬೆರಳು ಎತ್ತರ. ಆಮೇಲೆ ಉದುರಿತು.

“ಎತ್ತಿದಿ! ರಜನಿ, ಕಾಳ ಎತ್ತಿದಿ ನೀ! ಈಗ, ನೀ ಆಕಡೆ ನೋಡಿದಾಗ!”

ರಜನಿ ತಾಟು ನೋಡಿದಳು. ಎಲ್ಲ ಕಾಳೂ ಒಂದೇ ತರಹ ಬಿದ್ದಿದ್ದವು. ಆಮೇಲೆ ಅವನ ಮುಖ ನೋಡಿದಳು, ಬಹಳ ಹೊತ್ತು.

“ಸಾಕ್ರಿ” ಎಂದಳು, ಮೆತ್ತಗೆ. “ನನಗ ಸಮಾಧಾನ ಮಾಡಬ್ಯಾಡ್ರಿ.”

“ಆಣಿಗೂ ಖರೇ...”

“ಬುಧವಾರ ಮೇಡಂ ನೋಡಿ ಹೇಳ್ಲಿ.”

ಬುಧವಾರಕ್ಕೆ ಇನ್ನೂ ಮೂರು ದಿನವಿತ್ತು.